ಚಳಿಯ ನೆಲಕ್ಕೆ ತಕ್ಕ ಬುಡ: ನಿಂಬೆ ಜಾತಿಯ ಗಿಡಗಳಿಗೆ ಬೇರುಸಸಿ ಆರಿಸಿದ ಅನುಭವ

ಚಳಿಗಾಲದ ಕೆಲವು ರಾತ್ರಿಗಳಲ್ಲಿ ಉಷ್ಣಾಂಶ ಮೈನಸ್ 7 ಅಥವಾ 8 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುವ ನೆಲದಲ್ಲಿ ನಿಂಬೆ ಜಾತಿಯ ಹಣ್ಣಿನ ಗಿಡಗಳನ್ನು ಬಯಲಿನಲ್ಲೇ ಬೆಳೆಸಬೇಕೆಂದು ಹೊರಟಾಗ, ಯಾವ ಹಣ್ಣು ಎಂಬ ಪ್ರಶ್ನೆ ಬೇಗ ತೀರ್ಮಾನವಾಯಿತು. ಚಳಿಗೆ ಹದಗೊಂಡ ಸತ್ಸುಮ ಕಿತ್ತಳೆಯ ಮರ ಆ ಮಟ್ಟದ ಚಳಿಯನ್ನು ಅಲ್ಪ ಕಾಲ ತಡೆದುಕೊಳ್ಳಬಲ್ಲದು. ಸಿಪ್ಪೆಯ ಸಮೇತ ತಿನ್ನುವ ಪುಟ್ಟ ಹಣ್ಣಿನ ಕುಂಕ್ವಾಟ್ ಕೂಡ ಹೆಚ್ಚುಕಡಿಮೆ ಅದೇ ಸಾಲಿಗೆ ಸೇರುತ್ತದೆ. ನಿಂಬೆಯ ಬೆರಕೆ ತಳಿಯಾದ ಮೇಯರ್ ನಿಂಬೆ ಅವೆರಡಕ್ಕಿಂತ ಸ್ವಲ್ಪ ಮೃದುವಾದರೂ ನಿಜವಾದ ನಿಂಬೆಗಳಿಗಿಂತ ಗಟ್ಟಿ. ಹೀಗೆ ಮೇಲಿನ ಭಾಗದ ಆಯ್ಕೆ ಮುಗಿದ ಮೇಲೆ ಉಳಿದದ್ದು ಕೆಳಗಿನ ಭಾಗ, ಅಂದರೆ ಕಸಿಯ ಕಣ್ಣನ್ನು ಹೊತ್ತು ನಿಲ್ಲುವ ಬೇರುಸಸಿ. ನನ್ನ ಓದು, ಅಳತೆ, ಅನುಮಾನಗಳಲ್ಲಿ ಬಹುಪಾಲು ವ್ಯಯವಾದದ್ದು ಈ ಒಂದು ವಿಷಯಕ್ಕೆ.

ಆರಂಭದಲ್ಲಿ ಉತ್ತರ ತೀರ ಸರಳವೆಂದೇ ಕಾಣುತ್ತಿತ್ತು. ನಿಂಬೆಯ ಬಳಗದಲ್ಲಿ ಎಲೆ ಉದುರಿಸಿ ಚಳಿಗಾಲ ಕಳೆಯುವ ಗಿಡವೆಂದರೆ ಮೂರೆಲೆಯ ಟ್ರೈಫೋಲಿಯೇಟ್ ಕಿತ್ತಳೆ. ಚೀನಾ ಮೂಲದ ಈ ಮುಳ್ಳುಗಿಡ ಪೂರ್ಣ ಸುಪ್ತಾವಸ್ಥೆಯಲ್ಲಿದ್ದಾಗ ಮೈನಸ್ 20 ಡಿಗ್ರಿಯನ್ನೂ ಸಹಿಸುತ್ತದೆ. ಹಾಗಿದ್ದ ಮೇಲೆ ಅದರ ಮೇಲೆ ಕಸಿ ಕಟ್ಟಿದರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಆ ಮೈನಸ್ 20 ಬೇರುಸಸಿಯ ಸ್ವಂತ ತಾಳಿಕೆಯೇ ಹೊರತು ಅದರ ಮೇಲೆ ಕುಳಿತ ಸತ್ಸುಮದ್ದಲ್ಲ. ಬುಡ ಎಷ್ಟೇ ಗಟ್ಟಿಯಾಗಿದ್ದರೂ ಮೇಲಿನ ತಳಿಯ ಸಹಿಷ್ಣುತೆ ಹೆಚ್ಚುವುದು ಒಂದೆರಡು ಡಿಗ್ರಿಗಳಷ್ಟು ಮಾತ್ರ. ಆ ಒಂದೆರಡು ಡಿಗ್ರಿ ಬರುವ ದಾರಿಯನ್ನು ಅರ್ಥ ಮಾಡಿಕೊಂಡ ಮೇಲೆಯೇ ನನ್ನ ಆಯ್ಕೆಗೆ ಒಂದು ದಿಕ್ಕು ಸಿಕ್ಕಿತು.

ಬೇರುಸಸಿ ಚಳಿಯನ್ನು ತಡೆಯುವ ಯಾವುದೋ ದ್ರವ್ಯವನ್ನು ಮೇಲಕ್ಕೆ ಕಳುಹಿಸುವುದಿಲ್ಲ. ಅದು ಮೇಲಿನ ಭಾಗದ ಬೆಳವಣಿಗೆಯ ವೇಗವನ್ನು ಹಿಡಿತದಲ್ಲಿಡುತ್ತದೆ. ಮಣ್ಣು ತಣ್ಣಗಾಗುತ್ತಿದ್ದಂತೆ ಟ್ರೈಫೋಲಿಯೇಟ್ ಬೇಗ ವಿಶ್ರಾಂತಿಗೆ ಜಾರುತ್ತದೆ, ಅದರೊಂದಿಗೆ ಮೇಲಿನ ಸತ್ಸುಮವೂ ಹೊಸ ಚಿಗುರು ಬಿಡುವುದನ್ನು ನಿಲ್ಲಿಸುತ್ತದೆ, ಮೊದಲ ಹಿಮ ಬೀಳುವ ಹೊತ್ತಿಗೆ ಎಲೆ ಮತ್ತು ಕಡ್ಡಿಗಳು ಬಲಿತಿರುತ್ತವೆ. ಇದಕ್ಕೆ ವಿರುದ್ಧ ತುದಿಯಲ್ಲಿರುವುದು ಜಂಬೇರಿ ಮತ್ತು ವೋಲ್ಕಮೇರ್ ನಿಂಬೆಯಂಥ ರಭಸದ ಬೇರುಸಸಿಗಳು. ಬೆಚ್ಚನೆಯ ನೆಲದಲ್ಲಿ ಮರವನ್ನು ಬೇಗ ಬೆಳೆಸಿ ಹೇರಳ ಇಳುವರಿ ಕೊಡಿಸುವ ಇವು, ಚಳಿಯ ನೆಲದಲ್ಲಿ ಶರತ್ಕಾಲದ ಕೊನೆಯವರೆಗೂ ಎಳೆಯ ಚಿಗುರನ್ನು ತಳ್ಳುತ್ತಲೇ ಇರುತ್ತವೆ. ನನ್ನ ಬಳಿ ಮೊದಲೇ ಇದ್ದ ಒಂದು ಸತ್ಸುಮ ಗಿಡ ಜಂಬೇರಿಯ ಮೇಲೆ ಕಟ್ಟಿದ್ದಾಗಿತ್ತು. ಟ್ರೈಫೋಲಿಯೇಟ್ ಮೇಲಿನ ಅದೇ ತಳಿಯ ಗಿಡಗಳು ಸುಮ್ಮನಾದ ಮೇಲೂ ಅದು ಗೇಣುದ್ದದ ಹಸಿ ಚಿಗುರು ಬಿಟ್ಟು ನಿಂತಿತ್ತು. ಮೊದಲ ಬಿರುಸಿನ ಹಿಮದಲ್ಲಿ ಆ ಚಿಗುರಷ್ಟೂ ಕಪ್ಪಾಗಿ, ಹಾನಿ ಹಿಂದಿನ ವರ್ಷದ ಕಡ್ಡಿಗೂ ಇಳಿಯಿತು. ಚಳಿಗಾಲದಲ್ಲಿ ಎಷ್ಟು ಡಿಗ್ರಿ ತಡೆಯುತ್ತದೆ ಎನ್ನುವುದಕ್ಕಿಂತ ಚಳಿಗಾಲಕ್ಕೆ ಮುಂಚಿನ ವಾರಗಳಲ್ಲಿ ಗಿಡದಿಂದ ಏನು ಮಾಡಿಸುತ್ತದೆ ಎನ್ನುವುದೇ ಬೇರುಸಸಿಯ ನಿಜವಾದ ಪರೀಕ್ಷೆ ಎಂಬ ನನ್ನ ಅಭಿಪ್ರಾಯ ಆಗ ಗಟ್ಟಿಯಾಯಿತು.

ಈ ತರ್ಕಕ್ಕೂ ಒಂದು ಮಿತಿಯಿದೆ. ಚಳಿ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಮಾತ್ರ ಟ್ರೈಫೋಲಿಯೇಟ್‌ನ ಲಾಭ ದೊರೆಯುತ್ತದೆ. ಬೆಚ್ಚನೆಯ ವಾರಗಳ ನಡುವೆ ಏಕಾಏಕಿ ಹೆಪ್ಪುಗಟ್ಟಿಸುವ ರಾತ್ರಿ ಬಂದರೆ, ಹದಗೊಳ್ಳಲು ಅವಕಾಶವೇ ಸಿಗದ ಗಿಡಗಳಲ್ಲಿ ಬೇರುಸಸಿಯಿಂದ ಬೇರುಸಸಿಗೆ ಇರುವ ಅಂತರ ಬಹಳ ಕಿರಿದಾಗುತ್ತದೆ. ನನ್ನ ನೆಲದಲ್ಲಿ ತಂಪು ನಿಧಾನವಾಗಿ ಏರುವುದರಿಂದ ಈ ಬಗ್ಗೆ ಹೆಚ್ಚು ಚಿಂತಿಸಲಿಲ್ಲ.

ಈ ಸಂದರ್ಭದಲ್ಲಿ ಮಿಶ್ರತಳಿಯ ಬೇರುಸಸಿಗಳ ಹುಟ್ಟಿನ ಕಥೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಅದು ಚಳಿಯಿಂದಲೇ ಆರಂಭವಾಗುತ್ತದೆ. 1894ರ ಡಿಸೆಂಬರ್ ಮತ್ತು 1895ರ ಫೆಬ್ರವರಿಯಲ್ಲಿ ಬಂದ ಹೆಪ್ಪುಗಟ್ಟಿಸುವ ಭೀಕರ ಚಳಿ ಫ್ಲೋರಿಡಾದ ಕಿತ್ತಳೆ ತೋಟಗಳನ್ನು ನಾಶ ಮಾಡಿತು. ಅದರ ಬೆನ್ನಿಗೇ ಅಮೆರಿಕದ ಕೃಷಿ ಇಲಾಖೆಯ ವಾಲ್ಟರ್ ಸ್ವಿಂಗಲ್ ಮತ್ತು ಹರ್ಬರ್ಟ್ ವೆಬ್ಬರ್, ಚಳಿ ತಡೆಯುವ ಕಿತ್ತಳೆಯನ್ನು ಪಡೆಯುವ ಉದ್ದೇಶದಿಂದ ಸಿಹಿ ಕಿತ್ತಳೆಗೆ ಟ್ರೈಫೋಲಿಯೇಟನ್ನು ಅಡ್ಡಹಾಯಿಸಿದರು. ಹೀಗೆ ಹುಟ್ಟಿದ ಸಿಟ್ರೇಂಜ್‌ಗಳು ಚಳಿಯನ್ನೇನೋ ತಡೆದವು, ಆದರೆ ಹಣ್ಣಿನ ಕಹಿ ಹೋಗಲಿಲ್ಲ. ತಿನ್ನಲು ಬಾರದ ಈ ಬಳಗವೇ ಮುಂದೆ ಬುಡವಾಗಿ ಜಗತ್ತಿನ ಕಿತ್ತಳೆ ತೋಟಗಳಿಗೆ ಆಸರೆಯಾಯಿತು. ವಾಷಿಂಗ್ಟನ್ ನೇವಲ್ ಕಿತ್ತಳೆಯನ್ನು ಟ್ರೈಫೋಲಿಯೇಟ್ ಜೊತೆ 1909ರಲ್ಲಿ ಅಡ್ಡಹಾಯಿಸಿದ್ದರಿಂದ ಟ್ರಾಯರ್ ಮತ್ತು ಕ್ಯಾರಿಝೊ ಬಂದವು. ಟ್ರೈಫೋಲಿಯೇಟನ್ನು ಡಂಕನ್ ಗ್ರೇಪ್‌ಫ್ರೂಟ್ ಜೊತೆ 1907ರಲ್ಲಿ ಮಾಡಿದ ಸಂಕರದಿಂದ ಬಂದ ಸ್ವಿಂಗಲ್ ಸಿಟ್ರುಮೆಲೊ ಬೇರುಸಸಿಯಾಗಿ ಬಿಡುಗಡೆಯಾದದ್ದು 1974ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಸಿ-35 ಕೂಡ ಇದೇ ಸಿಟ್ರೇಂಜ್ ಗುಂಪಿನದು. ಚಳಿಯ ವಿಷಯದಲ್ಲಿ ಇವೆಲ್ಲ ತಂದೆ ತಾಯಿಯರ ನಡುವೆ ಎಲ್ಲೋ ಒಂದೆಡೆ ನಿಲ್ಲುತ್ತವೆ.

ಇಷ್ಟು ತಿಳಿದ ಮೇಲೂ ನಾನು ಬೀಜ ತರಿಸಲಿಲ್ಲ. ಮೊದಲು ಮಣ್ಣನ್ನು ನೋಡಿದೆ. ಟ್ರೈಫೋಲಿಯೇಟ್‌ನ ದೊಡ್ಡ ದೌರ್ಬಲ್ಯ ಸುಣ್ಣದ ಮಣ್ಣು. ಮಣ್ಣಿನ ಹುಳಿ-ಕ್ಷಾರದ ಅಳತೆಯಾದ ರಸಸಾರ (pH) 5.5ರಿಂದ 6.5ರ ನಡುವೆ ಇದ್ದರೆ ಅದು ನಿರಾಳವಾಗಿರುತ್ತದೆ. ಸುಣ್ಣದ ಅಂಶವಿದ್ದು ರಸಸಾರ 7.5 ದಾಟಿತೆಂದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದನ್ನು ಹೀರಿಕೊಳ್ಳಲಾಗದೆ ಹೊಸ ಎಲೆಗಳು ನರಗಳಷ್ಟೇ ಹಸಿರಾಗಿ ಉಳಿದು ಹಳದಿಗೆ ತಿರುಗುತ್ತವೆ. ಹೀಗೆ ಸೊರಗಿದ ಗಿಡ ಚಳಿಗೂ ಬೇಗ ಬಲಿಯಾಗುತ್ತದೆ, ಆದ್ದರಿಂದ ಸುಣ್ಣದ ನೆಲದಲ್ಲಿ ಅತ್ಯಂತ ಚಳಿಸಹಿಷ್ಣು ಎನಿಸಿದ ಬುಡವೇ ಅತ್ಯಂತ ಅಪಾಯದ ಬುಡವಾಗಬಹುದು. ನನ್ನ ಜಾಗ ಇಳಿಜಾರಿನದು. ಮೇಲ್ಭಾಗದಲ್ಲಿ ಕಲ್ಲಿನ ಗೋಡೆಗೆ ತಾಗಿದ ಪಟ್ಟಿಯ ಮಣ್ಣಿಗೆ ವಿನೆಗರ್ ಸುರಿದಾಗ ಸುಣ್ಣವಿದೆ ಎಂಬುದರ ಗುರುತಾಗಿ ಬುರುಬುರು ನೊರೆ ಎದ್ದಿತು, ಕೆಳಗಿನ ಪಟ್ಟಿಯಲ್ಲಿ ಏನೂ ಆಗಲಿಲ್ಲ. ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತು: ಮೇಲೆ ರಸಸಾರ 8ರ ಹತ್ತಿರ, ಕೆಳಗೆ 6ರ ಹತ್ತಿರ.

ಇಲ್ಲಿ ನೆಲ ನನಗೊಂದು ಉಪಕಾರ ಮಾಡಿತ್ತು. ಗಾಳಿಯಿಲ್ಲದ ನಿರ್ಮಲ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಎರಡೂ ಕಡೆ ಕನಿಷ್ಠ ಉಷ್ಣಾಂಶ ದಾಖಲಿಸುವ ಮಾಪಕಗಳನ್ನು ಒಂದು ಇಡೀ ಚಳಿಗಾಲ ನೇತುಹಾಕಿ ನೋಡಿದಾಗ, ಕೆಳಗಿನ ಪಟ್ಟಿ ಅಂಥ ರಾತ್ರಿಗಳಲ್ಲಿ ಗೋಡೆಯ ಬದಿಗಿಂತ ಸುಮಾರು ಎರಡು ಡಿಗ್ರಿ ಹೆಚ್ಚು ತಣ್ಣಗಿರುತ್ತಿತ್ತು. ಅಂದರೆ ಟ್ರೈಫೋಲಿಯೇಟ್ ಬೇಕಾದಷ್ಟು ಚಳಿಯಿರುವ ಜಾಗದಲ್ಲೇ ಅದಕ್ಕೆ ಒಗ್ಗುವ ಮಣ್ಣೂ ಇತ್ತು. ಒಂದೇ ಬೇರುಸಸಿಯನ್ನು ಇಡೀ ತೋಟಕ್ಕೆ ಆರಿಸಬೇಕೆಂಬ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಮೇಲಿನ ಸುಣ್ಣದ ಪಟ್ಟಿಗೆ ಏನು ಎಂಬುದು ಅಷ್ಟು ಸುಲಭವಾಗಿರಲಿಲ್ಲ. ಗುಣಗಳ ಪಟ್ಟಿಯನ್ನಷ್ಟೇ ನೋಡಿದರೆ ಹುಳಿ ಕಿತ್ತಳೆಗೆ ಸಾಟಿಯಿಲ್ಲ: ಸುಣ್ಣ ತಡೆಯುತ್ತದೆ, ಚಳಿಯಲ್ಲೂ ಒಳ್ಳೆಯ ಹೆಸರಿದೆ, ಬುಡ ಕೊಳೆ ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಹಣ್ಣಿನ ರುಚಿಯನ್ನೂ ಕೆಡಿಸುವುದಿಲ್ಲ. ಅದನ್ನು ಕೈಬಿಡಲು ಒಂದೇ ಕಾರಣ ಸಾಕಾಯಿತು, ಟ್ರಿಸ್ಟೆಜಾ ವೈರಸ್. ಸಸ್ಯಹೇನುಗಳಿಂದ ಹರಡುವ ಈ ರೋಗ ಹುಳಿ ಕಿತ್ತಳೆಯ ಮೇಲೆ ಕಟ್ಟಿದ ಕಿತ್ತಳೆ ಮರಗಳನ್ನು ಕಸಿಯ ಸಂಧಿಯಲ್ಲೇ ಕೊಲ್ಲುತ್ತದೆ. 1930ರ ದಶಕದಿಂದೀಚೆಗೆ ಅರ್ಜೆಂಟೀನಾ, ಬ್ರೆಜಿಲ್‌ಗಳಲ್ಲಿ ಲಕ್ಷಾಂತರ ಮರಗಳು ಹೀಗೆಯೇ ಸತ್ತವು. ನನ್ನ ಜಾಗದ ಪಕ್ಕದಲ್ಲಿ ಮೂಲ ತಿಳಿಯದ ಒಂದು ಹಳೆಯ ಮೇಯರ್ ನಿಂಬೆಯ ಗಿಡವಿದೆ. ಹಳೆಯ ಮೇಯರ್ ಗಿಡಗಳು ಯಾವ ಲಕ್ಷಣವನ್ನೂ ತೋರದೆ ಈ ವೈರಸ್ಸನ್ನು ಹೊತ್ತಿರುತ್ತಿದ್ದವು ಎಂಬ ಕಾರಣಕ್ಕಾಗಿಯೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1975ರಲ್ಲಿ ರೋಗಮುಕ್ತ ತಳಿಯನ್ನು ಬಿಡುಗಡೆ ಮಾಡಬೇಕಾಯಿತು. ಆ ನೆರೆಯ ಗಿಡ ರೋಗಿಯೇ ಆಗಿರಬೇಕೆಂದಿಲ್ಲ, ಆದರೆ ದಶಕಗಳ ಕಾಲ ನಿಲ್ಲಬೇಕಾದ ಮರವನ್ನು ಅಂಥ ಅನುಮಾನದ ಪಕ್ಕದಲ್ಲಿ ನೆಡಲು ಮನಸ್ಸು ಬರಲಿಲ್ಲ.

ಹೀಗಾಗಿ ಮೇಲಿನ ಪಟ್ಟಿಗೆ ಕ್ಲಿಯೋಪಾತ್ರ ಮ್ಯಾಂಡರಿನ್ ಆರಿಸಿದೆ. ಸುಣ್ಣವನ್ನೂ ಲವಣವನ್ನೂ ತಾಳಿಕೊಳ್ಳುವ, ಟ್ರಿಸ್ಟೆಜಾಕ್ಕೆ ಹೆದರಬೇಕಿಲ್ಲದ, ಚಳಿಯಲ್ಲೂ ಪರವಾಗಿಲ್ಲ ಎನ್ನಬಹುದಾದ ಬುಡ ಇದು. ಫಸಲಿಗೆ ಬರಲು ಮಾತ್ರ ತಡ, ಮತ್ತು ನೀರು ನಿಲ್ಲುವ ನೆಲದಲ್ಲಿ ಬೇರು ಕೊಳೆಯುವ ಭಯವಿದೆ. ಇಳಿಜಾರಿನ ತುದಿಯಲ್ಲಿ ನೀರು ನಿಲ್ಲುವ ಪ್ರಶ್ನೆಯೇ ಇರಲಿಲ್ಲ, ತಡವನ್ನು ಒಪ್ಪಿಕೊಂಡೆ. ನಡುವಿನ ಪಟ್ಟಿಗೆ ಕೆಲವು ಕ್ಯಾರಿಝೊ, ಕುಂಡದಲ್ಲಿ ಬೆಳೆಸುವ ಕುಂಕ್ವಾಟ್‌ಗೆ ಟ್ರೈಫೋಲಿಯೇಟ್‌ನ ಕುಳ್ಳ ರೂಪವಾದ ಫ್ಲೈಯಿಂಗ್ ಡ್ರ್ಯಾಗನ್ ಎಂದು ಗುರುತು ಹಾಕಿಕೊಂಡೆ.

ಮೇಯರ್ ನಿಂಬೆಯ ವಿಷಯದಲ್ಲಿ ನನ್ನ ತೀರ್ಮಾನ ಬಹಳ ಜನರಿಗೆ ಒಪ್ಪಿಗೆಯಾಗಲಾರದು: ಅದಕ್ಕೆ ಬೇರುಸಸಿಯೇ ಬೇಡವೆಂದುಕೊಂಡೆ. ರೋಗಮುಕ್ತ ಮೇಯರ್ ಗಿಡದ ಕಡ್ಡಿಗಳು ಸುಲಭವಾಗಿ ಬೇರು ಬಿಡುತ್ತವೆ. ಕಸಿ ಗಿಡ ಸಂಧಿಯವರೆಗೆ ಹೆಪ್ಪುಗಟ್ಟಿ ಸತ್ತರೆ ಮುಂದೆ ಚಿಗುರುವುದು ಬುಡದ ಮುಳ್ಳುಗಿಡ ಮಾತ್ರ. ಸ್ವಂತ ಬೇರಿನ ಗಿಡ ನೆಲಮಟ್ಟದವರೆಗೆ ಸತ್ತರೂ ಬೇರಿನಿಂದ ಎದ್ದು ಮತ್ತೆ ಅದೇ ಗಿಡವಾಗುತ್ತದೆ. ಅಂಚಿನ ಹವಾಮಾನದಲ್ಲಿ, ಚಳಿಗೆ ಮೃದುವಾದ ತಳಿಗೆ, ಈ ವಿಮೆಯ ಬೆಲೆ ಬೇರುಸಸಿ ಕೊಡುವ ಒಂದೆರಡು ಡಿಗ್ರಿಗಿಂತ ಹೆಚ್ಚೆಂದು ನನಗೆ ಅನ್ನಿಸುತ್ತದೆ. ಗೋಡೆಯ ಬೆಚ್ಚನೆಯ ಬದಿಯನ್ನು ಅದಕ್ಕಾಗಿ ಮೀಸಲಿಟ್ಟೆ, ಕಬ್ಬಿಣದ ಕೊರತೆ ಕಂಡಾಗ ಕ್ಷಾರ ಮಣ್ಣಿನಲ್ಲೂ ಕೆಲಸ ಮಾಡುವ ಇಡಿಡಿಎಚ್ಎ ರೂಪದ ಕಬ್ಬಿಣ ಕೊಡುತ್ತೇನೆ.

ಬೀಜದಿಂದ ಸಸಿ ಮಾಡುವ ಕೆಲಸದಲ್ಲಿ ಟ್ರೈಫೋಲಿಯೇಟ್‌ನ ಹಣ್ಣು ಮೊದಲೇ ತಾಳ್ಮೆ ಕೇಳುತ್ತದೆ. ಸಣ್ಣ ಹಳದಿ ಹಣ್ಣಿನೊಳಗೆ ತಿರುಳಿಗಿಂತ ಬೀಜವೇ ಹೆಚ್ಚು, ಅದರ ಅಂಟು ಕೈಯಿಂದಲೂ ಚಾಕುವಿನಿಂದಲೂ ಸುಲಭವಾಗಿ ಹೋಗುವುದಿಲ್ಲ. ನಿಂಬೆ ಜಾತಿಯ ಬೀಜಗಳನ್ನು ಧಾನ್ಯದ ಬೀಜಗಳಂತೆ ಒಣಗಿಸಿ ಇಡಲಾಗದು, ಒಣಗಿದರೆ ಸಾಯುತ್ತವೆ. ತೊಳೆದು, ಬುಡ ಕೊಳೆಗೆ ಕಾರಣವಾಗುವ ಫೈಟೋಫ್ತೋರಾ ಉಳಿಯದಂತೆ 52 ಡಿಗ್ರಿಯ ಬಿಸಿನೀರಿನಲ್ಲಿ 10 ನಿಮಿಷ ಇಟ್ಟು, ತೇವ ಆರದಂತೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ವಸಂತ ಬರುವವರೆಗೆ ಫ್ರಿಜ್‌ನಲ್ಲಿ ಕಾಯ್ದಿರಿಸಿದೆ. ಬಿತ್ತಿದ ಟ್ರೇಗಳನ್ನು 25 ಡಿಗ್ರಿಗೆ ಕಡಿಮೆಯಾಗದ ಬೆಚ್ಚನೆಯಲ್ಲಿಟ್ಟೆ.

ಇವುಗಳ ಬೀಜದಲ್ಲಿ ಒಂದು ಅನುಕೂಲವಿದೆ. ಒಂದೇ ಬೀಜದಿಂದ ಹಲವು ಮೊಳಕೆಗಳು ಬರುತ್ತವೆ, ಅವುಗಳಲ್ಲಿ ಬಹುಪಾಲು ಪರಾಗಸ್ಪರ್ಶದ ಸಂತಾನವಲ್ಲ, ತಾಯಿಯ ಅಂಗಾಂಶದಿಂದಲೇ ಹುಟ್ಟಿದ ಯಥಾವತ್ ಪ್ರತಿಗಳು. ಬೀಜದಿಂದ ಬೆಳೆದರೂ ಬೇರುಸಸಿಗಳು ಒಂದೇ ಗುಣದವಾಗಿರುವುದು ಇದರಿಂದಲೇ. ಉಳಿದ ಸ್ವಲ್ಪ ಭಾಗ ಸಂಕರದ ಸಸಿಗಳು. ಗುಂಪಿನಲ್ಲಿ ಎತ್ತರ, ಎಲೆಯ ಆಕಾರ, ಕಾಂಡದ ಬಾಗು ಬೇರೆಯಾಗಿ ಕಾಣುವ ಪ್ರತಿಯೊಂದನ್ನೂ ನಿರ್ದಾಕ್ಷಿಣ್ಯವಾಗಿ ಕಿತ್ತೆಸೆಯಬೇಕು. ಫ್ಲೈಯಿಂಗ್ ಡ್ರ್ಯಾಗನ್‌ನಲ್ಲಿ ಈ ಆಯ್ಕೆ ಇನ್ನೂ ಮುಖ್ಯ, ಏಕೆಂದರೆ ನೆಟ್ಟಗೆ ಬೆಳೆಯುವ, ಮುಳ್ಳು ಬಾಗದ ಸಸಿಗಳು ಅದರಲ್ಲಿ ಹೆಚ್ಚು ಬರುತ್ತವೆ. ಅಂಕುಡೊಂಕಾದ ಕಾಂಡ, ಕೆಳಗೆ ಕೊಕ್ಕೆಯಂತೆ ಬಾಗಿದ ಮುಳ್ಳು ಇರುವವನ್ನಷ್ಟೇ ಉಳಿಸಿಕೊಂಡೆ. ಕಿತ್ತು ಹಾಕಿದವುಗಳಲ್ಲಿ ಸೊಗಸಾಗಿ ಎತ್ತರ ಬೆಳೆದ ಸಸಿಗಳೇ ಹೆಚ್ಚಿದ್ದವು, ಕೈ ತಡವರಿಸಿದ್ದು ನಿಜ.

ಹಗಲು ಕಿರಿದಾಗುತ್ತಿದ್ದಂತೆ ಟ್ರೈಫೋಲಿಯೇಟ್ ಸಸಿಗಳು ಬೆಚ್ಚನೆಯ ಜಾಗದಲ್ಲಿದ್ದರೂ ಬೆಳೆಯುವುದನ್ನು ನಿಲ್ಲಿಸಿಬಿಡುತ್ತವೆ. ತೋಟದಲ್ಲಿ ನನಗೆ ಬೇಕಾಗಿದ್ದ ಗುಣ ಇದೇ, ಸಸಿಮಡಿಯಲ್ಲಿ ಮಾತ್ರ ತೊಡಕು. ಸಂಜೆಯ ಮೇಲೆ ದೀಪ ಉರಿಸಿ ಹಗಲನ್ನು 16 ಗಂಟೆಗೆ ಹಿಗ್ಗಿಸಿದ ಮೇಲೆ ಅವು ಮತ್ತೆ ಚಲಿಸಿದವು. ಕ್ಯಾರಿಝೊ ಯಾವ ದೀಪದ ಹಂಗೂ ಇಲ್ಲದೆ ಮುಂದೆ ಹೋಗಿತ್ತು, ಕ್ಲಿಯೋಪಾತ್ರ ಎಲ್ಲಕ್ಕಿಂತ ಹಿಂದೆ ಉಳಿದಿತ್ತು.

ಕಾಂಡ ಪೆನ್ಸಿಲ್ ದಪ್ಪಕ್ಕೆ ಬಂದು, ತೊಗಟೆ ಸುಲಿಯುವ ಹದದಲ್ಲಿದ್ದಾಗ ತಲೆಕೆಳಗಾದ ಟಿ ಆಕಾರದ ಸೀಳು ಹಾಕಿ ಕಣ್ಣು ಕಸಿ ಮಾಡಿದೆ. ಕಣ್ಣುಕಡ್ಡಿಯನ್ನು ರೋಗಮುಕ್ತವೆಂದು ದೃಢಪಟ್ಟ ಮೂಲದಿಂದಲೇ ತರಬೇಕೆಂಬ ನಿಯಮವನ್ನು ಟ್ರೈಫೋಲಿಯೇಟ್ ಬಳಸುವವರು ಸಡಿಲಿಸಬಾರದು. ಎಕ್ಸೊಕಾರ್ಟಿಸ್ ಎಂಬ ವೈರಾಯ್ಡ್ (ವೈರಸ್ಸಿಗಿಂತಲೂ ಸಣ್ಣ ರೋಗಕಾರಕ) ಹುಳಿ ಕಿತ್ತಳೆ, ಜಂಬೇರಿ, ಕ್ಲಿಯೋಪಾತ್ರಗಳ ಮೇಲಿನ ಮರದಲ್ಲಿ ಸುಳಿವೇ ಕೊಡದೆ ಇರಬಲ್ಲದು. ಅದೇ ಮರದ ಕಣ್ಣನ್ನು ಟ್ರೈಫೋಲಿಯೇಟ್ ಅಥವಾ ಸಿಟ್ರೇಂಜ್ ಮೇಲೆ ಕೂರಿಸಿದರೆ ಕೆಲವು ವರ್ಷಗಳ ಮೇಲೆ ಬುಡದ ತೊಗಟೆ ಹಕ್ಕಳೆ ಎದ್ದು ಮರ ಗಿಡ್ಡಾಗುತ್ತದೆ. ಚಾಕು, ಕತ್ತರಿಗಳಿಂದಲೂ ಅದು ದಾಟುವುದರಿಂದ ಗಿಡದಿಂದ ಗಿಡಕ್ಕೆ ಹೋಗುವಾಗ ಉಪಕರಣವನ್ನು ಬ್ಲೀಚ್ ದ್ರಾವಣದಲ್ಲಿ ಅದ್ದುವುದನ್ನು ರೂಢಿ ಮಾಡಿಕೊಂಡೆ.

ಕಣ್ಣನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕೆಂಬುದು ಚಳಿಯ ನೆಲದಲ್ಲಿ ಚರ್ಚೆಯ ವಿಷಯ. ಬುಡ ಕೊಳೆಯ ದೃಷ್ಟಿಯಿಂದ ಸಂಧಿ ಮಣ್ಣಿನಿಂದ ದೂರವಿದ್ದಷ್ಟೂ ಒಳ್ಳೆಯದು. ಹಿಮದ ದೃಷ್ಟಿಯಿಂದ ಸಂಧಿ ತಗ್ಗಿನಲ್ಲಿದ್ದರೆ ಚಳಿಗಾಲಕ್ಕೆ ಮುಂಚೆ ಅದರ ಮೇಲಕ್ಕೆ ಒಂದು ಗೇಣು ಮಣ್ಣು ಏರಿಸಿ ಕೆಲವು ಕಣ್ಣುಗಳನ್ನಾದರೂ ಉಳಿಸಿಕೊಳ್ಳಬಹುದು. ಟ್ರೈಫೋಲಿಯೇಟ್ ಫೈಟೋಫ್ತೋರಾಕ್ಕೆ ಬಲವಾದ ನಿರೋಧ ಹೊಂದಿದ್ದರೂ ಸಂಧಿಯ ಮೇಲಿನ ಸತ್ಸುಮದ ತೊಗಟೆಗೆ ಆ ಬಲವಿಲ್ಲ. ಕೆಳಗಿನ ಪಟ್ಟಿಯ ಗಿಡಗಳಿಗೆ ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿ ಕಸಿ ಮಾಡಿ, ಚಳಿ ಬರುವ ಮುನ್ನ ಮಣ್ಣು ಏರಿಸಿ, ಹಿಮದ ಭಯ ಕಳೆದ ಕೂಡಲೇ ಬಿಡಿಸುತ್ತಿದ್ದೇನೆ. ಮೇಲಿನ ಪಟ್ಟಿಯಲ್ಲಿ ಮಣ್ಣು ಏರಿಸುವುದಿಲ್ಲ.

ನೆಟ್ಟ ನಂತರದ ಚಳಿಗಾಲಗಳಲ್ಲಿ ಕಂಡದ್ದು ನಿರೀಕ್ಷೆಗೆ ಬಹುಮಟ್ಟಿಗೆ ಹೊಂದಿತು. ತಗ್ಗಿನಲ್ಲಿ ಹೆಚ್ಚು ಚಳಿ ತಿಂದ ಟ್ರೈಫೋಲಿಯೇಟ್ ಮೇಲಿನ ಸತ್ಸುಮಗಳು ಒಂದಷ್ಟು ಎಲೆ ಕಳೆದುಕೊಂಡರೂ ಕಡ್ಡಿ ಉಳಿಸಿಕೊಂಡವು. ಕ್ಯಾರಿಝೊ ಮೇಲಿನವು ಅವುಗಳಿಗಿಂತ ಬೇಗ ಮೈದುಂಬಿಕೊಂಡವು, ಆದರೆ ಶರತ್ಕಾಲದಲ್ಲಿ ಸುಮ್ಮನಾಗುವುದೂ ತಡ. ಬೇಸಿಗೆಯ ನಡುವಿನ ನಂತರ ಅವಕ್ಕೆ ಸಾರಜನಕ ಕೊಡುವುದನ್ನು ಪೂರ್ತಿ ನಿಲ್ಲಿಸಿದ ಮೇಲೆ ತುದಿ ಸುಡುವುದು ಕಡಿಮೆಯಾಯಿತು. ಕ್ಲಿಯೋಪಾತ್ರದ ಗಿಡಗಳ ಎಲೆ ಸುಣ್ಣದ ಮಣ್ಣಿನಲ್ಲೂ ಕಡುಹಸಿರಾಗಿದೆ, ಹಣ್ಣು ಇನ್ನೂ ಕೈಬೆರಳಲ್ಲಿ ಎಣಿಸುವಷ್ಟೇ. ಟ್ರೈಫೋಲಿಯೇಟ್ ಗಿಡಗಳ ಸಂಧಿಯಲ್ಲಿ ಬುಡ ಮೇಲಿನ ಕಾಂಡಕ್ಕಿಂತ ದಪ್ಪವಾಗಿ ಹೆಗಲಿನಂತೆ ಚಾಚುತ್ತದೆ. ನೋಡಲು ರೋಗವೆನಿಸಿದರೂ ಅದು ಈ ಜೋಡಿಯ ಸಹಜ ರೂಪ. ಬುಡದಿಂದ ಏಳುವ ಚಿಗುರನ್ನು ಗುರುತಿಸಲು ಕಷ್ಟವಿಲ್ಲ, ಮೂರೆಲೆ ಕಂಡಲ್ಲೆಲ್ಲ ಕಿತ್ತುಹಾಕಿದರಾಯಿತು. ಈ ಸೌಲಭ್ಯ ಕ್ಲಿಯೋಪಾತ್ರದಲ್ಲಿ ಇಲ್ಲ; ಅದರ ಎಲೆಯೂ ಕಿತ್ತಳೆಯ ಎಲೆಯಂತೆಯೇ ಇರುವುದರಿಂದ ಚಿಗುರು ಹೊರಟ ಜಾಗವನ್ನು ಬೆರಳಿಟ್ಟು ಹುಡುಕಬೇಕಾಗುತ್ತದೆ.

ಕೆಳಗಿನ ಪಟ್ಟಿಯಲ್ಲಿ ಇನ್ನೊಂದು ಗಿಡಕ್ಕೆ ಜಾಗ ಉಳಿದಿತ್ತು, ಅಲ್ಲಿ ಯುರೇಕಾ ನಿಂಬೆ ಹಾಕಬಹುದೇ ಎಂಬ ಆಸೆಯೂ ಇತ್ತು. ಯುರೇಕಾ ಟ್ರೈಫೋಲಿಯೇಟ್ ಜೊತೆಗಾಗಲಿ, ಅದರ ಮಿಶ್ರತಳಿಗಳಾದ ಕ್ಯಾರಿಝೊ, ಸ್ವಿಂಗಲ್ ಜೊತೆಗಾಗಲಿ ಬಾಳುವುದಿಲ್ಲ. ಕಸಿ ಮೊದಲು ಹಿಡಿದಂತೆ ಕಂಡರೂ ಮುಂದೆ ಸಂಧಿಯಲ್ಲಿ ಅಂಗಾಂಶ ಕೆಟ್ಟು ಮರ ಸೊರಗುತ್ತದೆ. ನಡುವೆ ಸಿಹಿ ಕಿತ್ತಳೆಯ ತುಂಡೊಂದನ್ನು ಸೇರಿಸಿ ಎರಡು ಸಲ ಕಸಿ ಮಾಡುವ ದಾರಿ ಇದ್ದೇ ಇದೆ. ಆದರೆ ಮೈನಸ್ 3 ಡಿಗ್ರಿಗೇ ಎಲೆ ಸುಡುವ ತಳಿಗೆ, ತೋಟದ ಅತಿ ತಣ್ಣನೆಯ ಮೂಲೆಯಲ್ಲಿ, ಅಷ್ಟು ಶ್ರಮ ಯಾಕೆ ಎಂದು ಕೇಳಿಕೊಂಡು ಅಲ್ಲಿಗೂ ಟ್ರೈಫೋಲಿಯೇಟ್ ಮೇಲಿನ ಸತ್ಸುಮವನ್ನೇ ನೆಟ್ಟೆ.